ಏಡಿಯ ಬಾಣಂತನ

ಸಿಂಧನೂರಿನಲ್ಲಿ ಒಬ್ಬರು ಇನ್ನೊಬ್ಬರಿಗೆ ಏನು ಬೇಕಾದರೂ ಕೊಟ್ಟಾರು, ಶಾಖ ಮಾತ್ರ ಕೊಡುವುದಿಲ್ಲ. ಅದನ್ನು ಸೂರ್ಯನೇ ಧಾರಾಳವಾಗಿ ಕೊಡುತ್ತಾನೆ. ಶಿವರಾತ್ರಿ ಕಳೆದರೆ ಸಾಕು, ಊರಿಗೆ ಊರೇ ಕೂಲರಿಗೆ ನೀರು ಹೊಯ್ಯಲು ನಿಲ್ಲುತ್ತದೆ. ಇಂಥ ಊರಲ್ಲಿ ಜನ ಬೇಕೆಂದೇ ಬೆಚ್ಚಗಿಡುವುದು ಎರಡನ್ನೇ: ಒಂದು ಬಾಣಂತಿ ಮತ್ತು ಕೂಸನ್ನು, ಇನ್ನೊಂದು ಫಾರಂ ಕೋಳಿಮರಿಯನ್ನು. ಇವೆರಡೂ ಅಲ್ಲದ ಒಂದು ಪ್ರಾಣಿಗೆ ಶಾಖ ಕೊಡಲು ಹೋದ ಮೊದಲ ಮನುಷ್ಯ ನಮ್ಮ ದುರುಗೇಶ. ಆ ಪ್ರಾಣಿ ಏಡಿ.

ಇದರಲ್ಲಿ ಏಡಿಯ ತಪ್ಪೇನೂ ಇಲ್ಲ. ತಪ್ಪೆಲ್ಲ ದುರುಗೇಶನ ನಾಲಿಗೆಯದು.

ದುರುಗೇಶ ಲಿಂಗಸುಗೂರಿನ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ. ಮನೆ ಸಿಂಧನೂರಿನಲ್ಲಿ. ಬೆಳಿಗ್ಗೆ ಮಸ್ಕಿ ದಾಟಿ ಹೋಗುವುದು, ಸಂಜೆ ಮಸ್ಕಿ ದಾಟಿ ಬರುವುದು. ಮದುವೆಯಾದಾಗಿನಿಂದ ಅವನು ಹೆಂಡತಿ ನಾಗವೇಣಿಯ ಮುಖಕ್ಕಿಂತ ಬಸ್ಸಿನ ಮುಂದಿನ ಸೀಟಿನ ಬೆನ್ನನ್ನೇ ಹೆಚ್ಚು ನೋಡಿದ್ದಾನೆ. ಬಿಸಿರೊಟ್ಟಿ ಎಂಬ ಪದಾರ್ಥವನ್ನು ಅವನು ಭಾನುವಾರ ಮಾತ್ರ ಬಲ್ಲ. ಅವನಿಗೆ ಜೀವನದಲ್ಲಿ ಬೇಕಾಗಿದ್ದು ಒಂದೇ, ಸಿಂಧನೂರಿಗೆ ವರ್ಗ. ವರ್ಗಕ್ಕೆ ಬೇಕಾಗಿದ್ದು ಮೇಲಧಿಕಾರಿ ಸುಕನ್ಯಾ ಮೇಡಂ ಅವರ ಒಂದು ಒಳ್ಳೆಯ ಮಾತು. ಆ ಮಾತಿಗಾಗಿ ಅವನು ಅವರ ಕ್ವಾರ್ಟರ್ಸಿಗೆ ಫೈಲು ಹೊತ್ತಿದ್ದ, ಗ್ಯಾಸ್ ಸಿಲಿಂಡರ್ ಹೊತ್ತಿದ್ದ. ಹೊರದೆ ಉಳಿದದ್ದು ಏಡಿಯೊಂದೇ.

ಮೇಡಂ ಕಾರವಾರದ ಕಡೆಯವರು. ಅವರ ಮನೆಯಲ್ಲಿ, ತೊಡೆಯ ಮೇಲೆ ಇಟ್ಟುಕೊಳ್ಳಬಹುದಾದಷ್ಟು ದೊಡ್ಡ ಗಾಜಿನ ಪೆಟ್ಟಿಗೆಯೊಂದಿತ್ತು. ಅದರಲ್ಲಿ ಉಸುಕು, ಉಸುಕಿನ ಮೇಲೆ ಒಂದು ಶಂಖ. ಅವತ್ತು ಫೈಲು ಹಿಡಿದು ನಿಂತಿದ್ದ ದುರುಗೇಶನ ಕಣ್ಣೆದುರೇ ಶಂಖ ಎದ್ದು ನಡೆಯತೊಡಗಿತು.

"ಸನ್ಯಾಸಿ ಏಡಿ, ಖಾಲಿ ಶಂಖವೇ ಇವನ ಮನೆ. ಮಗಳು ಸಾಕಿದ್ದು, ಹೆಸರು ಶಂಭು" ಎಂದರು ಮೇಡಂ. "ಅಮ್ಮನ ಕಣ್ಣಿನ ಆಪರೇಷನ್ನಿಗೆ ನಾವು ಊರಿಗೆ ಹೋಗಬೇಕು. ಈ ಚಳಿಯಲ್ಲಿ ಇವನನ್ನು ಯಾರ ಕೈಗೆ ಕೊಡೋದು ಅಂತ ತಿಳೀತಾ ಇಲ್ಲ."

ಇಲ್ಲಿ ದುರುಗೇಶ ಸುಮ್ಮನಿದ್ದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಇರಲಾರದೆ ಇರುವೆ ಬಿಟ್ಟುಕೊಂಡರು ಎನ್ನುತ್ತಾರಲ್ಲ, ಅವನು ಏಡಿ ಬಿಟ್ಟುಕೊಂಡ.

"ನಮಗ ಬಿಡ್ರೀ ಮೇಡಂ! ನಮ್ಮಪ್ಪಂದು ದಢೇಸುಗೂರಾಗ ಗದ್ದಿ ಐತ್ರಿ. ಏಡಿ ಅಂದ್ರ ನಮಗ ಮನೀ ಮಕ್ಕಳಿದ್ದಂಗ."

ಅವರಪ್ಪನ ಗದ್ದೆಯಲ್ಲಿ ಈ ಮನೆಯ ಮಕ್ಕಳು ಬದುವಿಗೆ ತೂತು ಕೊರೆದಾಗಲೆಲ್ಲ ಸಲಿಕೆಯ ಏಟು ತಿನ್ನುತ್ತಿದ್ದವು. ಉಳಿದವು ಸಾರಿಗೆ ಬೀಳುತ್ತಿದ್ದವು. ಈ ಸಂಗತಿಯನ್ನು ಅವನು ಮೇಡಂಗೆ ಹೇಳಲಿಲ್ಲ.

ಮೇಡಂ ಮುಖ ಅರಳಿತು. "ನೋಡಿ ದುರುಗೇಶ್, ಗಾಳಿ ಬೆಚ್ಚಗಿರಬೇಕು, ಜೊತೆಗೆ ಹಸಿಯಾಗಿಯೂ ಇರಬೇಕು. ಒಣಗಿದರೆ ಇವನಿಗೆ ಉಸಿರಾಡೋಕೆ ಆಗೋದಿಲ್ಲ. ಶಾಖ ಕೆಳಗಿಂದ ಕೊಡಬೇಡಿ, ಪಕ್ಕದಿಂದ ಕೊಡಿ. ಈ ಹೀಟರ್ ಪಟ್ಟಿ ಹಿಂದುಗಡೆ ಅಂಟಿಸಿದೆ, ಪ್ಲಗ್ ಹಾಕಿದರಾಯ್ತು. ಉಸುಕಿನ ಒಳಗೆ ಹೊಕ್ಕರೆ ಕೆದಕಬೇಡಿ. ಬಂದ ಮೇಲೆ ನಿಮ್ಮ ವರ್ಗದ ವಿಷಯ ಕೂತು ಮಾತಾಡೋಣ."

ದುರುಗೇಶ ಎಲ್ಲಕ್ಕೂ ತಲೆಯಾಡಿಸಿದ, ಮನಸ್ಸಿಗೆ ಇಳಿದದ್ದು ಕೊನೆಯ ವಾಕ್ಯ.

ದಾರಿಯಲ್ಲಿ ಚಳಿಗಾಳಿ ತಾಗದಿರಲೆಂದು ಮೇಡಂ ತಮ್ಮ ಮಗಳು ಕೂಸಾಗಿದ್ದಾಗಿನ ಗುಲಾಬಿ ಬಣ್ಣದ, ಕರಡಿಮರಿಗಳಿದ್ದ ರಗ್ಗನ್ನು ಪೆಟ್ಟಿಗೆಗೆ ಸುತ್ತಿಕೊಟ್ಟರು. ದುರುಗೇಶ ಅದನ್ನು ಎರಡೂ ಕೈಯಿಂದ ತಬ್ಬಿಕೊಂಡು ಸಿಂಧನೂರಿನ ಬಸ್ಸು ಹತ್ತಿದ. ಗುಂಡಿ ಬಂದಾಗಲೆಲ್ಲ ಸೀಟಿನಿಂದ ಒಂದು ಗೇಣು ಮೇಲೇಳುತ್ತ, ಏಟೆಲ್ಲ ತನ್ನ ಬೆನ್ನಿಗೇ ತೆಗೆದುಕೊಂಡ.

ಮಸ್ಕಿಯಲ್ಲಿ ಬಸ್ಸು ನಿಂತಿತು. ಕಿಟಕಿಯ ಹೊರಗೆ ಪೇರಲಹಣ್ಣಿನ ಬುಟ್ಟಿ, ಬುಟ್ಟಿಯ ಕೆಳಗೆ ಯಂಕಮ್ಮನ ಮುಖ. ಈಕೆ ದುರುಗೇಶನ ಅತ್ತೆ ಕರೆಮ್ಮನ ಪಕ್ಕದ ಮನೆಯವಳು.

"ದುರುಗೇಶಾ! ಏನೋ ಅದು ಮಡಿಲಾಗ?"

"ಏನಿಲ್ಲಬೇ, ಏನೂ ಇಲ್ಲ! ಕಿಡಕಿ ಬಿಡ್ರಿ, ಥಂಡಿ ಗಾಳಿ ಬಡೀತೈತಿ ಅದಕ್ಕ!" ಎಂದು ಅವನು ಗಾಜು ಎಳೆದು, ರಗ್ಗನ್ನು ಇನ್ನಷ್ಟು ಬಿಗಿಯಾಗಿ ಎದೆಗವಚಿಕೊಂಡ.

ಯಂಕಮ್ಮ ಬುಟ್ಟಿ ಇಳಿಸಿ ನಿಂತಳು. ಮದುವೆಯಾಗಿ ಇಷ್ಟು ವರ್ಷವಾದರೂ ಕರೆಮ್ಮನ ಮಗಳಿಗೆ ಮಕ್ಕಳಿಲ್ಲ. ಅಳಿಯ ಮಡಿಲಲ್ಲಿ ಗುಲಾಬಿ ರಗ್ಗು ಸುತ್ತಿದ ಗಂಟು ಇಟ್ಟುಕೊಂಡು, ಥಂಡಿಗಾಳಿ ತಾಗೀತೆಂದು ಹೆದರುತ್ತ ಊರಿಗೆ ಹೊರಟಿದ್ದಾನೆ. ಇದರ ಅರ್ಥ ತಿಳಿಯಲು ಪಂಚಾಂಗ ತೆರೆಯಬೇಕಾಗಿಲ್ಲ. ಬಸ್ಸು ಮಸ್ಕಿಯ ಸೇತುವೆ ದಾಟುವ ಮೊದಲೇ ಯಂಕಮ್ಮ ಕರೆಮ್ಮನ ಹೊಸ್ತಿಲು ದಾಟಿದ್ದಳು.

ಇತ್ತ ನಾಗವೇಣಿ ಗಂಡನ ಕೈಯಲ್ಲಿನ ಗಂಟು ಬಿಚ್ಚಿ ನೋಡಿ, ಸೊಂಟದ ಮೇಲೆ ಕೈ ಇಟ್ಟಳು. "ಮಂದಿ ಗಂಡಂದಿರು ಸೀರಿ ತರ್ತಾರ."

"ಇದು ಏಡಿ ಅಲ್ಲಲೇ, ವರ್ಗದ ಆರ್ಡರ್. ಕಾಲು ಬಂದು ನಡದಾಡಾಕತ್ತೈತಿ, ಅಷ್ಟ. ಆದ್ರ ಓಣ್ಯಾಗ ಯಾರಿಗೂ ಹೇಳಬ್ಯಾಡ."

ಹೇಳದಿರಲು ಗಟ್ಟಿಯಾದ ಕಾರಣವಿತ್ತು. ಎದುರು ಮನೆಯ ಬಸ್ಸಪ್ಪನಿಗೆ ಚಳಿಗಾಲ ಬಂತೆಂದರೆ ಕೆಮ್ಮು. ಕೆಮ್ಮಿಗೆ ಏಡಿ ಸಾರಿಗಿಂತ ಮಿಗಿಲಾದ ಮದ್ದಿಲ್ಲವೆಂದು ಕಾಲುವೆ ಸೀಮೆಯ ಎಲ್ಲರೂ ಬಲ್ಲರು. ಎಲ್ಲಿ ಏಡಿ ಕಂಡರೂ ಬಸ್ಸಪ್ಪ ಪಾತ್ರೆ ಹಿಡಿದು ಹಾಜರಾಗುತ್ತಿದ್ದ. ಅವನಿಗೆ ಸುಳಿವು ಸಿಕ್ಕರೆ ದುರುಗೇಶನ ವರ್ಗ ಮೆಣಸು ಬೆಳ್ಳುಳ್ಳಿಯೊಂದಿಗೆ ಕುದಿಯುವುದು ಖಂಡಿತ. ಆದ್ದರಿಂದ ಶಂಭುವನ್ನು ಒಳಕೋಣೆಯಲ್ಲಿಟ್ಟು, ಕಿಟಕಿ ಮುಚ್ಚಿ, ಬಾಗಿಲಿಗೆ ಸೀರೆಯ ಪರದೆ ಕಟ್ಟಿದರು.

ಹೀಟರ್ ಪಟ್ಟಿಗೆ ಪ್ಲಗ್ ಹಾಕಿದರು. ಸಿಂಧನೂರಿನ ಕರೆಂಟು ಬಂತು, ಹೋಯಿತು, ಮತ್ತೆ ಎರಡು ಪಟ್ಟಾಗಿ ಬಂತು. ಪಟ್ಟಿ ಒಮ್ಮೆ 'ಚಿಟ್' ಎಂದು, ಸುಟ್ಟ ಚಪ್ಪಲಿಯ ವಾಸನೆ ಬಿಟ್ಟು ಪ್ರಾಣ ಬಿಟ್ಟಿತು.

ಇಲ್ಲಿಂದ ದುರುಗೇಶನ ಸಂಶೋಧನೆಗಳು ಶುರುವಾದವು. ಮೊದಲು ಕೋಳಿಮರಿಗಳಿಗೆ ಹಾಕುವ ದೊಡ್ಡ ಬಲ್ಬು ತಂದು ಪೆಟ್ಟಿಗೆಯ ಮೇಲೆ ತೂಗುಹಾಕಿದ. ಉಸುಕು ಒಣಗಿ ಹುರಿಗಡಲೆ ಹುರಿಯುವ ಮಟ್ಟಕ್ಕೆ ಬಂತು, ಶಂಭು ಕಾಲು ಮಡಚಿ ಶಂಖದೊಳಗೆ ಕೂತ. ಬಲ್ಬು ತೆಗೆದು ಬಿಸಿನೀರಿನ ಬಾಟಲಿಗಳನ್ನು ಸುತ್ತ ನಿಲ್ಲಿಸಿದ, ತಾನು ಕಚೇರಿಗೆ ಹೋದ ಹೊತ್ತಿಗೆ ಅವು ತಣ್ಣಗಾದವು. ಆಮೇಲೆ ರೈಸ್‌ಮಿಲ್ಲಿನಿಂದ ಒಂದು ಚೀಲ ಬತ್ತದ ಹೊಟ್ಟು ತಂದು, ಗಾಜಿನ ಪೆಟ್ಟಿಗೆಯನ್ನು ದೊಡ್ಡ ಥರ್ಮೋಕೋಲ್ ಡಬ್ಬಿಯಲ್ಲಿಟ್ಟು, ನಡುವೆ ಹೊಟ್ಟು ತುಂಬಿ, ಮೇಲೆ ನಾಗವೇಣಿಯ ತವರಿನ ಕೌದಿ ಹೊದಿಸಿದ. ಇದು ಒಳ್ಳೆಯ ಉಪಾಯವೇ. ಆದರೆ ಹೊಟ್ಟು ಇದ್ದ ಶಾಖವನ್ನು ಹಿಡಿದಿಡುತ್ತದೆಯೇ ಹೊರತು, ಇಲ್ಲದ ಶಾಖವನ್ನು ಹುಟ್ಟಿಸುವುದಿಲ್ಲ. ಗಾಜು ಮುಟ್ಟಿದರೆ ತಣ್ಣಗಿತ್ತು. ದುರುಗೇಶನ ಕೈಕಾಲೂ ತಣ್ಣಗಾದವು.

ಕೊನೆಗೆ ಅವನು ಪಕ್ಕದ ಮನೆಯ ಪೀರ್‌ಬೀಯ ಮೊರೆ ಹೊಕ್ಕ. ಆ ಓಣಿಯ ಬಾಣಂತನಗಳೆಲ್ಲ ಈ ಮುದುಕಿಯ ಕೈಯಲ್ಲೇ ಆಗಿದ್ದವು.

"ಅಮ್ಮಾ, ಒಂದು ಎಳೇ ಜೀವ ಐತಿ ಅಂತ ತಿಳಕೊಳ್ರಿ. ಅದಕ್ಕ ಥಂಡಿ ಆಗಬಾರದು, ಗಾಳಿ ಒಣಗಬಾರದು. ಏನ್ ಮಾಡಬೇಕು?"

ಪೀರ್‌ಬೀ ಅವನನ್ನೇ ನೋಡಿದಳು. ಮೊನ್ನೆ ಸಂಜೆ ತಂದ ಗುಲಾಬಿ ಗಂಟು, ಮುಚ್ಚಿದ ಕಿಟಕಿ, ಕಟ್ಟಿದ ಪರದೆ, ಎಲ್ಲವನ್ನೂ ಅವಳು ಆಗಲೇ ಕಂಡಿದ್ದಳು. ಕಣ್ಣಲ್ಲಿ ನೀರು ತುಂಬಿತು. "ಯಾ ಅಲ್ಲಾ! ಕಡೀಗೂ ಕಣ್ಣು ತೆರೆದೀ. ಎಲ್ಲಿಂದ ತಂದಿ, ಯಾರದು, ನಾ ಕೇಳಂಗಿಲ್ಲ ಬೇಟಾ."

"ಕೇಳಬ್ಯಾಡ್ರಿ. ಬಸ್ಸಪ್ಪಗಂತೂ ಹೇಳಬ್ಯಾಡ್ರಿ. ಅವನ ಕಣ್ಣಿಗೆ ಬಿದ್ರ ಉಳಿಯಂಗಿಲ್ಲ."

"ಅವನ ನಜರು ಛಲೋ ಅಲ್ಲಂತ ನನಗೂ ಶಕ್ ಇತ್ತು" ಎಂದು ಪೀರ್‌ಬೀ ತಕ್ಷಣ ಮಣ್ಣಿನ ಅಗ್ಗಿಷ್ಟಿಕೆ ತಂದಳು. "ಕೆಂಡ ಬುಡಕ ಇಡಬ್ಯಾಡ, ಮಗ್ಗಲಿಗೆ ಇಡು. ಹೊಗಿ ಹೋಗಾಕ ಮ್ಯಾಲಿನ ಬೆಳಕಿಂಡಿ ತೆರೆದಿರಲಿ. ಹಗ್ಗದ ಮ್ಯಾಲ ಹಸಿ ಅರಿವಿ ಹರವು. ಲೋಬಾನದ ಧೂಪ ಹಾಕು. ಹಣೀಗೆ ಕಾಡಿಗಿ ಹಚ್ಚೋದು ಮರೀಬ್ಯಾಡ."

ಶಾಖ ಪಕ್ಕದಿಂದ, ಗಾಳಿ ಹಸಿ. ಮೇಡಂ ಹೇಳಿದ್ದೂ ಅದೇ ಎಂದು ದುರುಗೇಶ ಬೆರಗಾದ. ಏಡಿಯ ಹಣೆ ಎಲ್ಲಿ ಬರುತ್ತದೆಂದು ತಿಳಿಯದೆ ಗಾಜಿಗೇ ಒಂದು ಕಾಡಿಗೆ ಬೊಟ್ಟು ಇಟ್ಟ. ಕೋಣೆ ಬೆಚ್ಚಗಾಯಿತು. ಶಂಭು ಶಂಖದಿಂದ ಹೊರಬಂದು, ಒಂದು ಸುತ್ತು ಹಾಕಿ, ಉಸುಕು ತೋಡಿ ಒಳಗೆ ಹೊಕ್ಕು ಕಾಣೆಯಾದ.

ಅವನು ಮತ್ತೆ ಮೇಲೆ ಬರಲೇ ಇಲ್ಲ. ಕೆದಕುವಂತಿಲ್ಲ, ನೋಡುವಂತಿಲ್ಲ. ಬದುಕಿದೆಯೋ ಸತ್ತಿದೆಯೋ ತಿಳಿಯದ ಪ್ರಾಣಿಗೆ ದಂಪತಿಗಳು ಸರದಿಯ ಮೇಲೆ ಕೆಂಡ ಹಾಕತೊಡಗಿದರು. ಮೇಡಂ ಫೋನ್ ಮಾಡಿದಾಗಲೆಲ್ಲ ದುರುಗೇಶ "ಆರಾಮ ಮಲಗ್ಯಾನ್ರಿ" ಎನ್ನುತ್ತ, ಫೋನಿಟ್ಟ ಮೇಲೆ ತಲೆಯ ಮೇಲೆ ಕೈ ಹೊತ್ತು ಕೂರುತ್ತಿದ್ದ.

ಒಂದು ಶನಿವಾರ ಓಣಿಯ ಅಂಗನವಾಡಿ ಟೀಚರ್ ಶಿವಗಂಗಾ ಬಾಗಿಲಿಗೆ ಬಂದರು. "ನಿಮ್ಮ ಮನೀಗೆ ಹೊಸದು ಬಂದೈತಂತ ಸುದ್ದಿ. ನೀವೇ ಸರ್ಕಾರಿ ನೌಕರರಾಗಿ ದಾಖಲು ಮಾಡಿಸದಿದ್ರ ಹ್ಯಾಂಗ್ರಿ?"

ದುರುಗೇಶ ಬಾಗಿಲಿಗೆ ಅಡ್ಡ ನಿಂತ. ಸಾಕಿದ ಏಡಿಯನ್ನು ದಾಖಲು ಮಾಡಿಸಬೇಕೆಂಬ ಕಾನೂನು ಬಂದದ್ದು ಅವನಿಗೆ ತಿಳಿದೇ ಇರಲಿಲ್ಲ. ಸರ್ಕಾರಕ್ಕೆ ಸುಳ್ಳು ಹೇಳಬಾರದೆಂದು, ಕೇಳಿದ್ದಕ್ಕಷ್ಟೇ ಉತ್ತರ ಕೊಡಲು ನಿರ್ಧರಿಸಿದ.

"ತಾಯಿ ಯಾರು?"

"ಗೊತ್ತಿಲ್ರಿ. ಕಾರವಾರದ ಸಮುದ್ರದ ದಂಡ್ಯಾಗ ಸಿಕ್ಕಿದ್ದು."

ಶಿವಗಂಗಾ ಎದೆಯ ಮೇಲೆ ಕೈಯಿಟ್ಟುಕೊಂಡರು. "ದಂಡ್ಯಾಗ ಬಿಟ್ಟು ಹೋಗಿದ್ರ? ಶಿವನೇ! ತೂಕ ಎಷ್ಟೈತಿ?"

"ತೂಗಿಲ್ರಿ. ಒಂದು ನಿಂಬಿಹಣ್ಣಿನಷ್ಟು ಇರಬಹುದು."

"ಆಂ? ಕುಡಿಯಾಕ ಏನ್ ಕೊಡಾಕತ್ತೀರಿ?"

"ಉಪ್ಪುನೀರು. ತಿನ್ನಾಕ ಕೊಬ್ಬರಿ ಚೂರು, ಒಣಮೀನು."

"ಅಯ್ಯಯ್ಯೋ! ಕೈಕಾಲಾದ್ರೂ ಸರಿ ಅದಾವಿಲ್ಲೋ?"

"ಅದಾವ್ರಿ. ಎಡಗೈ ಮಾತ್ರ ಸ್ವಲ್ಪ ದೊಡ್ಡದು. ಮೈ ಒಂಚೂರು ನೇರಳಿ ಬಣ್ಣ."

"ಮೈ ನೀಲಿಗಟ್ಟೈತಿ?" ಶಿವಗಂಗಾ ಚೀರಿದರು. "ತಕ್ಷಣ ತೋರಸ್ರಿ!"

"ಈಗ ಆಗಂಗಿಲ್ರಿ" ಎಂದ ದುರುಗೇಶ, ಕೈಮುಗಿದು. "ಉಸುಕಿನಾಗ ಹೂತುಕೊಂಡೈತಿ."

ಶಿವಗಂಗಾ ಒಂದು ಹೆಜ್ಜೆ ಹಿಂದೆ ಸರಿದರು. ಅವನ ಮುಖ ನೋಡಿದರು, ಅದು ತುಂಬ ಶಾಂತವಾಗಿತ್ತು. ಅದೇ ಅವರನ್ನು ಹೆದರಿಸಿತು. ನಾಳೆ ಓಣಿಯ ಹಿರಿಯರನ್ನು ಕರೆದುಕೊಂಡೇ ಬರುತ್ತೇನೆಂದು, ಚಪ್ಪಲಿ ಕೈಯಲ್ಲಿ ಹಿಡಿದು ಓಡಿದರು. ಕಾನೂನು ಇಷ್ಟು ಬಿಗಿಯಾಗಿದೆಯೆಂದು ದುರುಗೇಶ ಎಣಿಸಿರಲಿಲ್ಲ.

ಮರುದಿನ ಭಾನುವಾರ. ಹೊಟ್ಟು ಬದಲಿಸಬೇಕೆಂದು ಅವನು ಬೆಳಿಗ್ಗೆಯೇ ಮಿಲ್ಲಿಗೆ ಹೋದ. ಅದೇ ಹೊತ್ತಿಗೆ ಮನೆಯ ಮುಂದೆ ಮಸ್ಕಿಯಿಂದ ಒಂದು ಟಂಟಂ ಆಟೋ ಬಂದು ನಿಂತಿತು. ಅದರ ತಲೆಯ ಮೇಲೆ ಹಗ್ಗದಿಂದ ಬಿಗಿದ ಮರದ ತೊಟ್ಟಿಲು. ಒಳಗೆ ಅತ್ತೆ ಕರೆಮ್ಮ, ತೊಡೆಯ ಮೇಲೆ ಅಂಟಿನುಂಡೆಯ ಡಬ್ಬಿ, ಕಂಕುಳಲ್ಲಿ ಕೂಸಿನ ತಲೆಗೆಂದು ತಾನೇ ಹೊಲಿದ ಪುಟ್ಟ ಕುಂಚಿಗೆ. ಪಕ್ಕದಲ್ಲಿ ಸಾಕ್ಷಿಯಾಗಿ ಯಂಕಮ್ಮ.

ನಾಗವೇಣಿ ಬಾಗಿಲಲ್ಲಿ ಕಲ್ಲಾದಳು.

"ನನಗ ಒಂದು ಮಾತು ಹೇಳಬಾರದೇನವ್ವಾ?" ಕರೆಮ್ಮ ಮಗಳ ಗಲ್ಲ ಹಿಡಿದಳು. "ಹಡೆದರ ಏನು, ತಂದರ ಏನು? ಸಾಕಿದಾಕಿನೇ ತಾಯಿ. ನೀನೂ ಇದ ತೊಟ್ಟಲದಾಗ ಬೆಳೆದಾಕಿ."

ನಿಜ ಹೇಳಲು ನಾಗವೇಣಿ ಬಾಯಿ ತೆರೆದಳು. ತಾಯಿಯ ಮುಖ ನೋಡಿದಳು. ಇಷ್ಟು ವರ್ಷಗಳಲ್ಲಿ ಆ ಮುಖ ಹೀಗೆ ಬೆಳಗಿದ್ದನ್ನು ಅವಳು ಕಂಡೇ ಇರಲಿಲ್ಲ. ಬಾಯಿ ಮುಚ್ಚಿದಳು. ಅಷ್ಟರಲ್ಲಿ ಪೀರ್‌ಬೀಯ ಸಮೇತ ಓಣಿಯ ಹೆಂಗಸರು ನುಗ್ಗಿದರು, ಜಂತಿಗೆ ಹಗ್ಗ ಬಿತ್ತು, ತೊಟ್ಟಿಲು ತೂಗಿತು. ಪದ್ಧತಿಯಂತೆ ಗುಂಡಕಲ್ಲಿಗೆ ಕುಂಕುಮ ಹಚ್ಚಿ ಮೊದಲು ತೊಟ್ಟಿಲಿಗೆ ಹಾಕಿದರು. ಶಿವಗಂಗಾ ತೂಕದ ತಕ್ಕಡಿ ಹಿಡಿದು ಬಂದರು. ಹಿರಿಯನೆಂದು ಅವರು ಕರೆತಂದದ್ದು ಕೆಮ್ಮುತ್ತಿದ್ದ ಬಸ್ಸಪ್ಪನನ್ನು.

ಹೊಟ್ಟಿನ ಚೀಲ ಹೊತ್ತು ಬಂದ ದುರುಗೇಶ ತನ್ನ ಮನೆಯನ್ನೇ ಗುರುತಿಸಲಿಲ್ಲ. ಮುಂದಕ್ಕೆ ಹೋಗಿ, ತಪ್ಪು ಮನೆಯೇನೋ ಎಂದು ಹಿಂದಕ್ಕೆ ಬಂದ.

"ಅಳಿಯಂದ್ರು ಬಂದ್ರು!" ಎಂದು ಯಂಕಮ್ಮ ಅವನ ತಲೆಗೆ ಅಕ್ಷತೆ ಎರಚಿದಳು. "ಕೂಸು ತರ್ರಿ ಹೊರಗ!"

"ಯಾವ ಕೂಸು?"

ಎಲ್ಲರೂ ನಕ್ಕರು. ಕರೆಮ್ಮ ನಗುತ್ತಲೇ ಪರದೆ ಸರಿಸಿ ಒಳಗೆ ಹೋದಳು. ದುರುಗೇಶ ಚೀಲ ಬಿಸಾಡಿ ಹಿಂದೆ ಓಡಿದ. "ಅತ್ತೀ, ಕೆದಕಬ್ಯಾಡ್ರಿ! ಕೆದಕಬಾರದು!"

ಕರೆಮ್ಮ ಕೌದಿ ಎತ್ತಿದಳು. ಕೌದಿಯ ಕೆಳಗೆ ಡಬ್ಬಿ, ಡಬ್ಬಿಯಲ್ಲಿ ಹೊಟ್ಟು, ಹೊಟ್ಟಿನ ನಡುವೆ ಗಾಜು, ಗಾಜಿಗೆ ಕಾಡಿಗೆ ಬೊಟ್ಟು, ಒಳಗೆ ಬರೀ ಉಸುಕು. ಆಕೆಗೆ ಏನೂ ಅರ್ಥವಾಗಲಿಲ್ಲ. ಕೂಸನ್ನು ಹುಡುಕುವ ಕೈ ತಾನಾಗಿ ಉಸುಕಿನೊಳಗೆ ಇಳಿಯಿತು. ಮೇಲೆ ಬಂದಾಗ ಬೆರಳಲ್ಲಿ ತೆಳ್ಳನೆಯ, ಜೀವವಿಲ್ಲದ ಕಾಲುಗಳ ಒಂದು ಗೊಂಚಲು ನೇತಾಡುತ್ತಿತ್ತು. ಎಡಗೈ ಸ್ವಲ್ಪ ದೊಡ್ಡದಿತ್ತು.

"ಸತ್ತಾನ!" ದುರುಗೇಶ ಅಲ್ಲೇ ನೆಲಕ್ಕೆ ಕುಸಿದ. "ಶಂಭು ಸತ್ತಾನ! ನಾಗೂ, ನಮ್ಮ ಬಾಳೇವು ಮುಗೀತು! ಇನ್ನ ಜನ್ಮದಾಗ ಸಿಂಧನೂರು ಇಲ್ಲ!" ಹಣೆ ಹಣೆ ಚಚ್ಚಿಕೊಂಡು ಗೊಳೋ ಎಂದು ಅತ್ತ. ಬಸ್ಸಿನ ಎಲ್ಲ ಗುಂಡಿಗಳೂ, ತಂಗಳು ರೊಟ್ಟಿಗಳೂ ಆ ಅಳುವಿನಲ್ಲಿದ್ದವು.

ಹೆಂಗಸರಿಗೆ ನಗಬೇಕೋ ಬೈಯಬೇಕೋ ತಿಳಿಯಲಿಲ್ಲ. "ಏಡಿಗೆ ಅಗ್ಗಿಷ್ಟಿಗಿ ಕೊಟ್ಟೆನಲ್ಲೋ ನಾನು!" ಎಂದು ಪೀರ್‌ಬೀ ಗೋಡೆಗೊರಗಿದಳು. ಶಿವಗಂಗಾ ತಕ್ಕಡಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡರು. ಯಂಕಮ್ಮ, ತಾನು ಕೂಸು ಅಂದಿರಲೇ ಇಲ್ಲ, ಗಂಟು ಅಂದಿದ್ದೆ ಎಂದು ಕೇಳದವರಿಗೂ ಹೇಳತೊಡಗಿದಳು. ಬಸ್ಸಪ್ಪ ಮಾತ್ರ ಮುಂದೆ ಬಂದು ಕಾಲಿನ ಗೊಂಚಲನ್ನು ಬೆಳಕಿಗೆ ಹಿಡಿದು ನೋಡಿ, "ಒಣಗಿ ಹೋಗೈತಿ. ಮೊದಲ ಹೇಳಿದ್ರ ಸಾರಿಗಾದ್ರೂ ಬರ್ತಿತ್ತು" ಎಂದು ಮನಸಾರೆ ಮರುಗಿದ.

ಆ ಗಳಿಗೆಯಲ್ಲೇ ಮೇಡಂ ಅವರ ವಿಡಿಯೋ ಕಾಲ್ ಬಂತು. ಎತ್ತಿದವಳು ನಾಗವೇಣಿ. ಅವಳು ಫೋನನ್ನು ನೇರ ಗೊಂಚಲಿನತ್ತ ಹಿಡಿದಳು.

"ಅಯ್ಯೋ, ದುರುಗೇಶ್ ಯಾಕೆ ಅಳ್ತಾ ಇದ್ದಾರೆ? ಅದು ಪೊರೆ!" ಮೇಡಂ ದನಿ ಕೋಣೆಯಲ್ಲೆಲ್ಲ ಕೇಳಿಸಿತು. "ಶಂಭು ಪೊರೆ ಕಳಚಿದ್ದಾನೆ! ಅಷ್ಟು ಬೆಚ್ಚಗೆ, ಅಷ್ಟು ಹಸಿಯಾಗಿ ಇಟ್ಟರೆ ಮಾತ್ರ ಹೀಗಾಗೋದು. ನಮ್ಮ ಕೈಲೇ ಆಗಿರಲಿಲ್ಲ. ಪೊರೆ ಅಲ್ಲೇ ಇಟ್ಟು ಉಸುಕು ಮುಚ್ಚಿ, ಅವನಿಗೆ ಅದೇ ಊಟ. ದುರುಗೇಶ್, ನೀವು ಮನುಷ್ಯರಲ್ಲ, ದೇವರು!"

ದೇವರು ಮೂಗು ಒರೆಸಿಕೊಂಡು ಎದ್ದ. ಅವನ ಬಾಳು ಮತ್ತೆ ಚಿಗುರಿತು. ಆದರೆ ಅತ್ತೆ ಕರೆಮ್ಮ ಅದಾಗಲೇ ಹೊರಗೆ ಹೋಗಿ ಟಂಟಂನಲ್ಲಿ ಕೂತಿದ್ದಳು.

"ತೊಟ್ಟಲಾ ಇಳಿಸಿ ಕೊಡ್ಲೇನಬೇ?" ಎಂದು ನಾಗವೇಣಿ ಮೆಲ್ಲಗೆ ಕೇಳಿದಳು.

"ಖಾಲಿ ತೊಟ್ಟಲಾ ತಿರುಗಿ ಒಯ್ಯಬಾರದು" ಎಂದಳು ಕರೆಮ್ಮ, ಮಗಳ ಮುಖ ನೋಡದೆ. "ಅಟ್ಟದ ಮ್ಯಾಲ ಇಡು." ಕುಂಚಿಗೆಯನ್ನು ಮಾತ್ರ ಮಡಚಿ ಮಡಚಿ ಮುಷ್ಟಿಯಷ್ಟು ಮಾಡಿ ಕೈಯಲ್ಲೇ ಹಿಡಿದುಕೊಂಡು ಹೋದಳು.

ಶಂಭು ಉಸುಕಿನಿಂದ ಎದ್ದು ಬಂದ, ಹೊಸ ಮೈ, ಹೊಸ ಬಣ್ಣ. ಮೇಡಂ ಕಾರವಾರದಿಂದ ಬಂದ ದಿನ ದುರುಗೇಶ ಇಸ್ತ್ರಿ ಅಂಗಿ ತೊಟ್ಟು, ಪೆಟ್ಟಿಗೆ ತಬ್ಬಿಕೊಂಡು ಲಿಂಗಸುಗೂರಿಗೆ ಹೋದ. ಮೇಡಂ ಮಗಳು ಕುಣಿದಾಡಿದಳು, ಮೇಡಂ ತಾವೇ ಚಹಾ ತಂದುಕೊಟ್ಟರು.

"ಮೇಡಂ, ನನ್ನ ವರ್ಗದ ವಿಷಯ..."

"ಅದನ್ನೇ ಹೇಳಬೇಕೆಂದಿದ್ದೆ. ನಿಮ್ಮಂಥವರನ್ನು ಸಿಂಧನೂರಿಗೆ ಬಿಟ್ಟುಕೊಟ್ಟರೆ ಶಂಭುಗೆ ಯಾರಿದ್ದಾರೆ? ಪ್ರತಿ ಚಳಿಗಾಲಕ್ಕೂ ನೀವೇ ಬೇಕು. ನಾನು ಇಲ್ಲಿರುವಷ್ಟು ದಿನ ನಿಮ್ಮನ್ನು ಯಾರೂ ಅಲುಗಾಡಿಸದಂತೆ ಮೇಲಿನವರಿಗೂ ಹೇಳಿದ್ದೇನೆ." ಮೇಡಂ ಒಳಗೆ ಹೋಗಿ, ರಗ್ಗು ಸುತ್ತಿದ ಇನ್ನೊಂದು ಪುಟ್ಟ ಪೆಟ್ಟಿಗೆ ತಂದು ಅವನ ಮಡಿಲಲ್ಲಿಟ್ಟರು. "ಇದು ನನ್ನ ಕಾಣಿಕೆ. ಕಾರವಾರದಿಂದ ನಿಮಗಾಗಿಯೇ ತಂದದ್ದು. ಶಂಭುವಿನ ತಮ್ಮ."

ಒಳ್ಳೆಯ ಕೆಲಸ ಮಾಡಿದವನು ಕೆಡುತ್ತಾನೆಂದು ಹಿರಿಯರು ಹೇಳಿದ್ದು ಸುಳ್ಳಲ್ಲ. ಏಡಿ ಸತ್ತಿದ್ದರೂ ವರ್ಗವಿಲ್ಲ, ಬದುಕಿದರೂ ವರ್ಗವಿಲ್ಲ. ದುರುಗೇಶ ಮತ್ತೆ ಅದೇ ಬಸ್ಸಿನಲ್ಲಿ, ಅದೇ ಗುಂಡಿಗಳ ಮೇಲೆ, ಮಡಿಲಲ್ಲಿ ಗಂಟು ಇಟ್ಟುಕೊಂಡು ಬಂದ. ಮಸ್ಕಿಯಲ್ಲಿ ಯಂಕಮ್ಮ ಕಿಟಕಿಯತ್ತ ಬಂದವಳು, ಗಂಟು ಕಂಡು, ಪೇರಲದ ಬುಟ್ಟಿ ಮುಖಕ್ಕೆ ಅಡ್ಡ ಹಿಡಿದು ಹೊರಟುಹೋದಳು.

ಮನೆಗೆ ಬಂದು ಪೆಟ್ಟಿಗೆಯನ್ನು ಪಡಸಾಲೆಯಲ್ಲಿಟ್ಟು, ಎಲ್ಲವನ್ನೂ ಹೇಳಿ ಮುಗಿಸಿದ. ನಾಗವೇಣಿ ಬೈಯುತ್ತಾಳೆಂದು ಕಾದ. ಬೈದಿದ್ದರೆ ಸಮಾಧಾನವಾಗುತ್ತಿತ್ತು. ಅವಳು ಬೈಯಲಿಲ್ಲ. ಗಾಜಿಗೆ ಅಂಗೈ ಒತ್ತಿ ನೋಡಿ, "ತಣ್ಣಗ ಆಗೈತಿ" ಎಂದಳು. ಸ್ಟೂಲು ಎಳೆದು ಅಟ್ಟಕ್ಕೆ ಕೈ ಹಾಕಿ, ತೊಟ್ಟಿಲು ಇಳಿಸಿ, ಧೂಳು ಒರೆಸಿ, ಜಂತಿಗೆ ತೂಗುಹಾಕಿ, ಒಳಗೆ ಕೌದಿ ಹಾಸಿದಳು.

"ಏನ್ ಮಾಡಾಕತ್ತೀಲೇ?" ಎಂದ ದುರುಗೇಶ.

"ನೆಲ ಥಂಡಿ ಐತಿ. ಕೆಳಗ ಇಟ್ರ ಏನಾದೀತು ಅದರ ಗತಿ?" ಎಂದು ಅವಳು ಪೆಟ್ಟಿಗೆಯನ್ನು ಎತ್ತಿ ತೊಟ್ಟಿಲಲ್ಲಿಟ್ಟು, ಕೌದಿಯ ಅಂಚನ್ನು ಸುತ್ತಲೂ ಒತ್ತಿ ಒತ್ತಿ ಸೇರಿಸಿದಳು. ಒಮ್ಮೆ ಮೆಲ್ಲಗೆ ತೂಗಿಯೂ ನೋಡಿದಳು.

ಗೋಡೆಯಾಚೆಯಿಂದ ಪೀರ್‌ಬೀಯ ದನಿ ಬಂತು. "ನಾಗವೇಣೀ, ಅಗ್ಗಿಷ್ಟಿಗಿ ಕೊಡ್ಲೇನವ್ವಾ?"

"ಕೊಡ್ರಿ ಅಮ್ಮಾ" ಎಂದಳು ನಾಗವೇಣಿ. "ಲೋಬಾನಾನೂ ಕೊಡ್ರಿ."